ಒಂದು ಪ್ರತಿಗೆ ಎಷ್ಟು ಬಿತ್ತು?

ನನ್ನ ಮಂಚದ ಕೆಳಗೆ 15 ರಟ್ಟಿನ ಪೆಟ್ಟಿಗೆಗಳಿವೆ. ಮೊದಲು 25 ಇದ್ದವು. ಒಂದೊಂದರಲ್ಲೂ 40 ಪುಸ್ತಕ. ಎಲ್ಲವೂ ಒಂದೇ ಪುಸ್ತಕ. ಎಲ್ಲದರ ಬೆನ್ನ ಮೇಲೂ ನನ್ನದೇ ಹೆಸರು. ಆ ಹೆಸರು ಸ್ವಲ್ಪ ಪಕ್ಕಕ್ಕೆ ಜರುಗಿದೆ, ಅದರ ಕತೆ ಆಮೇಲೆ ಹೇಳುತ್ತೇನೆ.

ಪುಸ್ತಕ ಮಾಡಿ ಐದು ವರ್ಷ ಆಯಿತು. ಸ್ವಂತ ದುಡ್ಡಿನಲ್ಲಿ ಪುಸ್ತಕ ಹಾಕಿಸಬೇಕು ಅಂತಿರುವವರು ಆಗಾಗ ಕೇಳುತ್ತಾರೆ, 'ಒಂದು ಪ್ರತಿಗೆ ಎಷ್ಟು ಬಿತ್ತು?' ಅಂತ. ನಾನೂ ಮೊದಲು ಕೇಳಿದ್ದು ಅದನ್ನೇ. ನಾನು ಎಡವಿದ್ದೂ ಆ ಪ್ರಶ್ನೆಯಲ್ಲೇ.

ಪ್ರೆಸ್ಸಿನಿಂದ ಬಂದ ಕೊಟೇಶನ್ ಹಾಳೆ ಇನ್ನೂ ನನ್ನ ಹತ್ತಿರ ಇದೆ. ಅದರಲ್ಲಿ ಮೂರು ಸಾಲು. 300 ಪ್ರತಿಗೆ ಇಷ್ಟು, 500ಕ್ಕೆ ಇಷ್ಟು, 1000ಕ್ಕೆ ಇಷ್ಟು. ಮೂರನೇ ಸಾಲಿನ ಕೆಳಗೆ ಪೆನ್ನಿನಲ್ಲಿ ಒಂದು ಗೆರೆ. ಪ್ರೆಸ್ಸಿನವರು ಮೋಸದವರೇನಲ್ಲ. ಒಳ್ಳೆಯ ಮನಸ್ಸಿನಿಂದಲೇ ಗೆರೆ ಎಳೆದು ಹೇಳಿದರು, 'ಪ್ಲೇಟು ಹೇಗೂ ಮಾಡಿಸಲೇಬೇಕು ಮೇಡಂ. 300 ಹೊಡೆದರೂ ಅಷ್ಟೇ, 1000 ಹೊಡೆದರೂ ಅಷ್ಟೇ. ಆಮೇಲೆ ಬರೀ ಕಾಗದದ ಖರ್ಚು.'

ಅವರು ಹೇಳಿದ್ದು ನಿಜ. ಪ್ಲೇಟು ಅಂದರೆ ಪುಟಗಳ ಅಚ್ಚು ಮೂಡಿಸುವ ಲೋಹದ ತಗಡು. ಆಫ್‌ಸೆಟ್ ಮುದ್ರಣದಲ್ಲಿ ಪುಸ್ತಕವನ್ನು ಬಿಡಿ ಬಿಡಿ ಪುಟವಾಗಿ ಅಚ್ಚು ಹಾಕುವುದಿಲ್ಲ. ದೊಡ್ಡ ಹಾಳೆಯ ಒಂದು ಬದಿಗೆ 8 ಪುಟ, ಇನ್ನೊಂದು ಬದಿಗೆ 8 ಪುಟ ಕೂರಿಸುತ್ತಾರೆ. ಅದನ್ನು ಮಡಿಸಿದರೆ 16 ಪುಟದ ಒಂದು ಫಾರಂ. ಒಂದು ಬದಿಗೆ ಒಂದು ಪ್ಲೇಟು. ನನ್ನ ಪುಸ್ತಕ 192 ಪುಟ, ಅಂದರೆ 12 ಫಾರಂ, ಒಳಪುಟಕ್ಕೇ 24 ಪ್ಲೇಟು. ಮುಖಪುಟ ಬಣ್ಣದ್ದು. ಅದಕ್ಕೆ ನೀಲಿ, ಕೆಂಪು, ಹಳದಿ, ಕಪ್ಪು ಅಂತ ಇನ್ನೂ ನಾಲ್ಕು. ಪ್ಲೇಟು ಮಷೀನಿಗೆ ಕಟ್ಟಿದ ಮೇಲೂ ಮೊದಲ ಹಾಳೆಗಳೆಲ್ಲ ಹಾಳು. ಶಾಯಿ ಒಂದು ಕಡೆ ದಪ್ಪ, ಒಂದು ಕಡೆ ತೆಳು. ನೀರು ಮತ್ತು ಶಾಯಿ ಹದಕ್ಕೆ ಬರುವ ತನಕ ಹಾಳೆ ಓಡಿಸಿ ಓಡಿಸಿ ಪಕ್ಕಕ್ಕೆ ಎಸೆಯುತ್ತಾರೆ. ನೀವು ಒಂದೇ ಒಂದು ಪ್ರತಿ ಹಾಕಿಸಿದರೂ ಈ ಖರ್ಚೆಲ್ಲ ಆಗಲೇಬೇಕು. ಅದಾದ ಮೇಲೆ ಮಷೀನು ಓಡಿದಷ್ಟೂ ಪ್ರತಿಯೊಂದರ ಬೆಲೆ ಇಳಿಯುತ್ತದೆ.

192 ಅಂದೆನಲ್ಲ, ಅದು ಸುಮ್ನೆ ಬಂದ ಲೆಕ್ಕ ಅಲ್ಲ. ಪುಟವಿನ್ಯಾಸ ಮುಗಿದಾಗ 196 ಬಂದಿತ್ತು. ಆ 4 ಪುಟಕ್ಕಾಗಿ ಇನ್ನೊಂದು ಫಾರಂ ಬೇಕು. ಅರ್ಧ ಫಾರಂ, ಕಾಲು ಫಾರಂ ಅಂತಲೂ ಮಾಡಿಕೊಡುತ್ತಾರೆ, ಆದರೆ ಕೂಲಿ ಅಷ್ಟೇನೂ ಇಳಿಯುವುದಿಲ್ಲ. ನಮ್ಮ ಲಿಪಿಯಲ್ಲಿ ಒತ್ತಕ್ಷರ ಕೆಳಗೆ ಇಳಿಯುತ್ತದೆ, ಗುಡಿಸು ಮೇಲಕ್ಕೆ ಏರುತ್ತದೆ. ಸಾಲುಗಳ ನಡುವೆ ಜಾಗ ಬಿಡದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಗೆ ಬಡಿಯುತ್ತದೆ. ಹಾಗಾಗಿ ಸಾಲುಗಳನ್ನು ಹತ್ತಿರ ಮಾಡುವಂತಿರಲಿಲ್ಲ. ಅಕ್ಷರ ಚಿಕ್ಕದು ಮಾಡಿದರೆ ವಯಸ್ಸಾದವರು ಬೈಯುತ್ತಾರೆ. ಕೊನೆಗೆ ಕೂತು ಒಂದು ಅಧ್ಯಾಯದಿಂದ ನಾಲ್ಕು ಪುಟ ಕಿತ್ತೆ. ವಿಚಿತ್ರ ಏನೆಂದರೆ ಅದು ಕಿತ್ತ ಮೇಲೆ ಅಧ್ಯಾಯ ಚೆನ್ನಾಯಿತು. ಹಣದ ಲೆಕ್ಕ ನನಗೆ ಮಾಡಿದ ಒಂದೇ ಉಪಕಾರ ಅದು.

ಈಗ ಲೆಕ್ಕಕ್ಕೆ ಬರೋಣ. ದುಡ್ಡಿನ ಹೆಸರು ಹೇಳಿದರೆ ಉಪಯೋಗ ಇಲ್ಲ. ಒಂದೊಂದು ಕಡೆ ಒಂದೊಂದು ದರ, ಕಾಗದದ ಬೆಲೆಯೂ ಏರಿಳಿಯುತ್ತದೆ. ಹಾಗಾಗಿ ಪುಸ್ತಕದ ಮುಖಬೆಲೆ 100 ಅಂತ ಇಟ್ಟುಕೊಳ್ಳುತ್ತೇನೆ. ಉಳಿದದ್ದೆಲ್ಲ ಅದರ ಅಳತೆಯಲ್ಲಿ. ನನ್ನ ಅಂಕಿಗಳನ್ನು ದುಂಡಗೆ ಮಾಡಿದ್ದೇನೆ, ಪ್ರಮಾಣ ಮಾತ್ರ ಹಾಗೇ ಇದೆ.

ಪ್ಲೇಟು, ಮಷೀನಿನ ತಯಾರಿ ಎಲ್ಲ ಸೇರಿ 6000. ಆಮೇಲೆ ಕಾಗದ, ಅಚ್ಚು, ಬೈಂಡಿಂಗ್ ಸೇರಿ ಪ್ರತಿಗೆ 20. ಅಂದರೆ 300 ಪ್ರತಿ ಹಾಕಿಸಿದರೆ ಒಟ್ಟು 12,000, ಒಂದಕ್ಕೆ 40. 500 ಹಾಕಿಸಿದರೆ ಒಟ್ಟು 16,000, ಒಂದಕ್ಕೆ 32. 1000 ಹಾಕಿಸಿದರೆ ಒಟ್ಟು 26,000, ಒಂದಕ್ಕೆ 26. ನಲವತ್ತು ಎಲ್ಲಿ, ಇಪ್ಪತ್ತಾರು ಎಲ್ಲಿ! ಕಣ್ಣು ಎಲ್ಲಿಗೆ ಹೋಗುತ್ತದೆ ಹೇಳಿ. ನಾನು 1000 ಅಂದೆ.

ಎರಡು ವರ್ಷ ಆದ ಮೇಲೆ ನೋಡಿದರೆ 280 ಮಾರಿದ್ದೆ. ಆಮೇಲೆ ಹೆಚ್ಚುಕಡಿಮೆ ನಿಂತೇ ಹೋಯಿತು. ಒಂದು ರಾತ್ರಿ ಕ್ಯಾಲ್ಕುಲೇಟರ್ ಹಿಡಿದು ಬೇರೆ ಥರ ಭಾಗಿಸಿದೆ. ಅಚ್ಚಾದ ಪ್ರತಿಗಳಿಂದ ಅಲ್ಲ, ಮಾರಿದ ಪ್ರತಿಗಳಿಂದ. 26,000 ಭಾಗಿಸು 280. ಸುಮಾರು 93 ಬಂತು. ಅಂದರೆ ನನ್ನ ಪ್ರತಿ ಪುಸ್ತಕಕ್ಕೆ ಬಿದ್ದದ್ದು 26 ಅಲ್ಲ, 93. 300 ಮಾತ್ರ ಹಾಕಿಸಿದ್ದರೆ? 12,000 ಭಾಗಿಸು 280, ಅಂದರೆ 43. 'ದುಬಾರಿ' ಅಂತ ಬಿಟ್ಟ ಸಾಲೇ ಅರ್ಧಕ್ಕಿಂತ ಕಡಿಮೆಗೆ ಮುಗಿಯುತ್ತಿತ್ತು. ಮಿಕ್ಕ 14,000 ನನ್ನ ಜೇಬಿನಲ್ಲೇ ಇರುತ್ತಿತ್ತು. ಮಂಚದ ಕೆಳಗೆ ಚಪ್ಪಲಿ ಇಡಲು ಜಾಗವೂ ಇರುತ್ತಿತ್ತು.

ಈ ಕೊಟೇಶನ್ ಹಾಳೆ ಎಷ್ಟು ಜಾಣತನದ್ದು ಅಂದರೆ, ಅದರಲ್ಲಿ ಒಂದೂ ಸುಳ್ಳಿಲ್ಲ. ಎಷ್ಟು ಮಾರುತ್ತದೆ ಅನ್ನುವ ಅಂಕಿ ಅದರಲ್ಲಿ ಇರಲು ಸಾಧ್ಯವೂ ಇಲ್ಲ. ಅದನ್ನು ನಾನೇ ತುಂಬಬೇಕಿತ್ತು. ನಾನು ಆ ಜಾಗದಲ್ಲಿ ಆಸೆಯನ್ನು ತುಂಬಿದೆ.

ನನಗಿಂತ ಬಹಳ ದೊಡ್ಡವರೂ ಇದನ್ನು ತುಂಬಿದ್ದಾರೆ. ಅಮೆರಿಕದ ಲೇಖಕ ಹೆನ್ರಿ ಡೇವಿಡ್ ಥೋರೋ ತನ್ನ ಮೊದಲ ಪುಸ್ತಕವನ್ನು 1849ರಲ್ಲಿ ತಂದದ್ದು ಖರ್ಚಿನ ಹೊರೆಯೆಲ್ಲ ತಾನೇ ಹೊರುವ ಕರಾರಿನ ಮೇಲೆ. 1000 ಪ್ರತಿ. 1853ರಲ್ಲಿ ಪ್ರಕಾಶಕರಿಗೆ ನೆಲಮಾಳಿಗೆಯ ಜಾಗ ಬೇಕಾಯಿತು. ಮಾರದೆ ಉಳಿದ 706 ಪ್ರತಿಗಳನ್ನು ಅವನ ಮನೆಗೇ ಕಳಿಸಿಬಿಟ್ಟರು. ಅವನು ಎರಡು ಮಹಡಿ ಮೆಟ್ಟಿಲು ಹತ್ತಿ ಹೊತ್ತುಕೊಂಡು ಹೋಗಿ ಇಟ್ಟ. ದಿನಚರಿಯಲ್ಲಿ ಬರೆದುಕೊಂಡ, ನನ್ನ ಲೈಬ್ರರಿಯಲ್ಲಿ ಈಗ ಹತ್ತಿರ ಹತ್ತಿರ 900 ಪುಸ್ತಕ ಇವೆ, ಅದರಲ್ಲಿ 700ಕ್ಕೂ ಹೆಚ್ಚು ನಾನೇ ಬರೆದದ್ದು ಅಂತ. ನಾನು ಇದನ್ನು ಓದಿದಾಗ ನಕ್ಕಿದ್ದಕ್ಕಿಂತ ಜಾಸ್ತಿ ಬೆನ್ನು ನೋವು ನೆನಪಾಯಿತು. ಅದೇ ದಿನಚರಿಯಲ್ಲಿ ಇನ್ನೊಂದು ಲೆಕ್ಕವೂ ಇದೆ. 75 ಪ್ರತಿ ಪುಕ್ಕಟೆ ಕೊಟ್ಟಿದ್ದ. ನಾನು ಕೊಟ್ಟದ್ದು 70. ಅಷ್ಟರಮಟ್ಟಿಗೆ ನಾನು ಥೋರೋಗಿಂತ ಚೂರು ಜಿಪುಣಿ.

ಥೋರೋನ ಆ ಪ್ರತಿಗಳಲ್ಲಿ ಎಷ್ಟಕ್ಕೋ ಬೈಂಡಿಂಗೇ ಆಗಿರಲಿಲ್ಲ, ಬರೀ ಅಚ್ಚಾದ ಹಾಳೆಗಳಾಗಿದ್ದವು. ಆ ಹಳೇ ಉಪಾಯ ಈಗಲೂ ಇದೆ. ಹಾಳೆ 1000 ಅಚ್ಚು ಹಾಕಿಸಿ, 300ಕ್ಕೆ ಮಾತ್ರ ಬೈಂಡಿಂಗ್ ಮಾಡಿಸಿ, ಉಳಿದದ್ದನ್ನು ಬೇಡಿಕೆ ಬಂದ ಹಾಗೆ ಮಾಡಿಸುವುದು. ಕೇಳಲು ಚೆನ್ನಾಗಿದೆ. ಆದರೆ ಮಡಿಸದ ಹಾಳೆಗಳ ಗಂಟನ್ನು ಪ್ರೆಸ್ಸಿನವರು ಎಷ್ಟು ದಿನ ಕಾಯುತ್ತಾರೆ? ಇಲಿ ಕಾಯುತ್ತದಾ?

ಈಗ ಇನ್ನೊಂದು ದಾರಿ ಇದೆ. ಡಿಜಿಟಲ್ ಮುದ್ರಣದಲ್ಲಿ ಪ್ಲೇಟೇ ಇಲ್ಲ. ಫೈಲು ಕೊಟ್ಟರೆ ಒಂದು ಪ್ರತಿಯೂ ಆಗುತ್ತದೆ, ಹತ್ತೂ ಆಗುತ್ತದೆ. ಆರ್ಡರ್ ಬಂದಾಗ ಮಾತ್ರ ಒಂದು ಪ್ರತಿ ಅಚ್ಚು ಹಾಕಿ ಕೊಂಡವರಿಗೆ ನೇರ ಕಳಿಸುವವರೂ ಇದ್ದಾರೆ. ಮನೆಯಲ್ಲಿ ಪೆಟ್ಟಿಗೆ ಇರುವುದಿಲ್ಲ. ನನ್ನ ಅಳತೆಯಲ್ಲಿ ಅದು ಪ್ರತಿಗೆ 55 ಆಗುತ್ತಿತ್ತು. 55 ಕೇಳಿ ಆಗ ನಾನು ಮೂಗು ಮುರಿದಿದ್ದೆ. 26ರ ಮುಂದೆ 55 ಯಾರಿಗೆ ಬೇಕು ಅಂತ. ಈಗ ಲೆಕ್ಕ ಹಾಕಿದರೆ, 300 ಪ್ರತಿಯ ಆಫ್‌ಸೆಟ್ ಬಿಲ್ಲು 12,000. ಅದನ್ನು 55ರಿಂದ ಭಾಗಿಸಿದರೆ 218. ಅಂದರೆ 218 ಪ್ರತಿ ಮಾರುವ ತನಕ ಆ 'ದುಬಾರಿ' ದಾರಿಯೇ ಅಗ್ಗ. ಮೊದಲ ಪುಸ್ತಕ ಬರೆದವರಲ್ಲಿ ಎಷ್ಟು ಜನ 218 ದಾಟುತ್ತಾರೆ? ನಾನೇನೋ ದಾಟಿದೆ, ಆದರೆ ಎರಡು ವರ್ಷ ಹಿಡಿಯಿತು.

ಹಾಗಂತ ಅದೇ ಸರಿ ಅಂತ ಹೇಳುತ್ತಿಲ್ಲ. ಮಾರಾಟ ಮಾಡಿಕೊಡುವ ತಾಣ ತನ್ನ ಪಾಲು 40 ಹಿಡಿದರೆ, ಅಚ್ಚಿಗೆ 55 ಹೋದರೆ, 100ರಲ್ಲಿ ನಿಮಗೆ ಉಳಿಯುವುದು 5. ಮುಖಬೆಲೆ ಏರಿಸಿದರೆ ಓದುವವರು ಹಿಂದೆ ಸರಿಯುತ್ತಾರೆ. ಬಣ್ಣದ ಪುಟ ಇದ್ದರಂತೂ ಬೇಡವೇ ಬೇಡ. ಕೈ ಸುಡುವುದಿಲ್ಲ, ಆದರೆ ಕೈಗೆ ಏನೂ ಹತ್ತುವುದೂ ಇಲ್ಲ.

ಅಚ್ಚಿನ ವಿಷಯಕ್ಕೇ ಇಷ್ಟು ಬರೆದೆ. ನಿಜ ಹೇಳಬೇಕೆಂದರೆ ಅಚ್ಚು ಸುಲಭದ ಖರ್ಚು. ಬಿಲ್ಲು ಬರುತ್ತದೆ, ಕೊಡುತ್ತೇವೆ, ಕಣ್ಣಿಗೆ ಪುಸ್ತಕ ಕಾಣುತ್ತದೆ. ಕಣ್ಣಿಗೆ ಕಾಣದ ಖರ್ಚಿಗೆ ದುಡ್ಡು ಕೊಡುವಾಗಲೇ ಕೈ ಹಿಂದೆ ಬರುವುದು.

ಕರಡು ತಿದ್ದಲು ಬೇರೆಯವರಿಗೆ ಕೊಡಬೇಕಿತ್ತು. ಕೊಡಲಿಲ್ಲ. ನಾನೇ ನಾಲ್ಕು ಸಲ ಓದಿದೆ. ತಾನು ಬರೆದದ್ದನ್ನು ತಾನು ಓದುವಾಗ ಕಣ್ಣು ಓದುವುದಿಲ್ಲ, ನೆನಪು ಓದುತ್ತದೆ. ಬರೆದದ್ದು ಕಾಣುವುದಿಲ್ಲ, ಬರೆಯಬೇಕು ಅಂದುಕೊಂಡದ್ದು ಕಾಣುತ್ತದೆ. ಪುಸ್ತಕ ಬಂದ ದಿನ ಮೊದಲ ಪೆಟ್ಟಿಗೆಯ ಟೇಪು ಕಿತ್ತೆ. ಹೊಸ ಶಾಯಿಯ, ಅಂಟಿನ ವಾಸನೆ. ಮೇಲಿನ ಪ್ರತಿ ತೆಗೆದು ನಡುವೆ ಎಲ್ಲೋ ಬಿಡಿಸಿದೆ. ಏಳನೇ ಅಧ್ಯಾಯದ ಪುಟ. ಪುಟದ ನೆತ್ತಿಯ ಮೇಲೆ ಆರನೇ ಅಧ್ಯಾಯದ ಹೆಸರು. ಮುಂದಿನ ಪುಟ ನೋಡಿದೆ, ಅಲ್ಲೂ ಅದೇ. ಏಳನೇ ಅಧ್ಯಾಯದ 14 ಪುಟವೂ ಆರನೇ ಅಧ್ಯಾಯದ ಟೋಪಿ ಹಾಕಿಕೊಂಡು ಕೂತಿದ್ದವು. ಒಳಗಿನ ಮಾತುಗಳನ್ನು ನಾಲ್ಕು ಸಲ ಓದಿದವಳು ಪುಟದ ತಲೆಯನ್ನು ಒಂದು ಸಲವೂ ನೋಡಿರಲಿಲ್ಲ. ಅಂಥ ಪ್ರತಿಗಳು 1000.

ಹಳೆಯ ಪುಸ್ತಕಗಳಲ್ಲಿ ಒಪ್ಪೋಲೆ ಅಂತ ಒಂದು ಪಟ್ಟಿ ಇರುತ್ತಿತ್ತು. ಇಂಥ ಪುಟದಲ್ಲಿ ಇಂಥದ್ದನ್ನು ಹೀಗೆ ಓದಿಕೊಳ್ಳಿ ಅಂತ. ಎಷ್ಟು ಮರ್ಯಾದಸ್ಥ ಪದ ನೋಡಿ. ತಪ್ಪಿನ ಪಟ್ಟಿಗೆ ಒಪ್ಪಿನ ಹೆಸರು. ನಾನೂ ಬೆರಳುದ್ದದ ಚೀಟಿ ಮಾಡಿಸಿ ಪ್ರತಿಯೊಂದರ ಒಳಗೂ ಇಟ್ಟೆ. ಚೀಟಿಗೆ ಆದ ಖರ್ಚು ಚಿಲ್ಲರೆ. ಚೀಟಿ ಇಡಲು ಹೋದದ್ದು ಎರಡು ಸಂಜೆ.

ಕರಡು ತಿದ್ದುವವರು ಕೇಳಿದ್ದ ಸಂಬಳ ನನ್ನ ಅಳತೆಯಲ್ಲಿ 4000. ಅದನ್ನು ಉಳಿಸಿದೆ ಅಂತ ಹೆಮ್ಮೆಪಟ್ಟಿದ್ದೆ. ಅದೇ ತಿಂಗಳು 700 ಪ್ರತಿ ಹೆಚ್ಚಿಗೆ ಹಾಕಿಸಲು 14,000 ಸುರಿದಿದ್ದೆ. ಇದಕ್ಕೆ ಏನು ಹೇಳುವುದು?

ಬೆನ್ನಿನ ಕತೆ ಹೇಳುತ್ತೇನೆ ಅಂದಿದ್ದೆ. ಮುಖಪುಟ, ಬೆನ್ನು, ಹಿಂಬದಿ ಮೂರೂ ಒಂದೇ ಹಾಳೆಯಲ್ಲಿ ಅಚ್ಚಾಗುತ್ತವೆ. ನಡುವಿನ ಬೆನ್ನು ಎಷ್ಟು ಅಗಲ ಅನ್ನುವುದು ಒಳಗಿನ ಕಾಗದದ ದಪ್ಪದ ಮೇಲೆ ನಿಂತಿದೆ. 192 ಪುಟ ಅಂದರೆ 96 ಹಾಳೆ. ಸಾಮಾನ್ಯ 80 ಜಿಎಸ್‌ಎಂ ಕಾಗದ ಹಾಳೆಗೆ ಸುಮಾರು 0.1 ಮಿಲಿಮೀಟರ್ ದಪ್ಪ. ಬೆನ್ನು ಒಂದು ಸೆಂಟಿಮೀಟರಿಗೆ ಚೂರು ಕಡಿಮೆ ಬರುತ್ತದೆ. ಮುಖಪುಟ ಮಾಡಿದ ಹುಡುಗ ಅದಕ್ಕೆ ಸರಿಯಾಗಿ ಹೆಸರು ಕೂರಿಸಿದ್ದ. ಅಚ್ಚಿನ ಹಿಂದಿನ ದಿನ ಪ್ರೆಸ್ಸಿನಿಂದ ಫೋನು. ಆ ಕಾಗದ ಮುಗಿದಿದೆ, ಅದೇ 80 ಜಿಎಸ್‌ಎಂನಲ್ಲಿ ಇನ್ನೂ ಒಳ್ಳೆಯದು ಇದೆ, ಕ್ರೀಮ್ ಬಣ್ಣ, ಅದೇ ರೇಟು, ಹಾಕಲಾ? ಹಾಕಿ ಅಂದೆ. ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಕಾಗದದ ತೂಕ, ದಪ್ಪ ಅಲ್ಲ ಅಂತ ಆಗ ಗೊತ್ತಿರಲಿಲ್ಲ. ಉಬ್ಬಿದ ಕಾಗದ ಅದೇ ತೂಕಕ್ಕೆ ಜಾಸ್ತಿ ದಪ್ಪ ಇರುತ್ತದೆ. ಬೆನ್ನು 3 ಮಿಲಿಮೀಟರ್ ಅಗಲವಾಯಿತು. ಹೆಸರು ಅಷ್ಟಕ್ಕೇ ಒಂದು ಪಕ್ಕಕ್ಕೆ ವಾಲಿತು. ಪುಸ್ತಕಗಳನ್ನು ಸಾಲಾಗಿ ಜೋಡಿಸಿದರೆ ನನ್ನದು ಮಾತ್ರ ಬೈಸಿಕೊಂಡ ಮಗು ತಲೆ ಓರೆ ಮಾಡಿದ ಹಾಗೆ ಕಾಣುತ್ತದೆ. ಫೋನಿನಲ್ಲಿ ಅವರು ಹೇಳಬೇಕಿತ್ತು, ಹೌದು. ಹಾಗೆಯೇ ನಾನು ಒಂದು ಡಮ್ಮಿ, ಅಂದರೆ ಮಾದರಿ ಪ್ರತಿ ಮಾಡಿಸಿ ಕೈಯಲ್ಲಿ ಹಿಡಿದು ನೋಡಬೇಕಿತ್ತು. ಒಂದು ಡಮ್ಮಿಗೆ ಎಷ್ಟಾಗುತ್ತಿತ್ತು? ಲೆಕ್ಕಕ್ಕೂ ಸಿಗದಷ್ಟು.

ತೂಕ ಅಂದೆನಲ್ಲ, ಅದನ್ನೂ ಹಾಕಿ ನೋಡಿ. ಎ5 ಅಳತೆಯ 32 ಹಾಳೆ ಸೇರಿದರೆ ಒಂದು ಚದರ ಮೀಟರ್. ಹಾಗಾಗಿ 80 ಜಿಎಸ್‌ಎಂನ ಒಂದು ಹಾಳೆ ಎರಡೂವರೆ ಗ್ರಾಂ. 96 ಹಾಳೆಗೆ 240 ಗ್ರಾಂ. ದಪ್ಪ ಮುಖಪುಟ ಸೇರಿದರೆ 260. ಒಂದು ಪುಸ್ತಕ ಕೈಯಲ್ಲಿ ಹಿಡಿದರೆ ಹೂವಿನ ಹಾಗೆ. 1000 ಪುಸ್ತಕ ಅಂದರೆ 260 ಕಿಲೋ. ಆ 260 ಕಿಲೋವನ್ನು ಪ್ರೆಸ್ಸಿನಿಂದ ಮನೆಗೆ ತರಬೇಕು, ಒಳಗೆ ಹೊರಬೇಕು, ಒದ್ದೆ ಆಗದಂತೆ ಇಡಬೇಕು. ನಾನು ಗೋಡೆಗೆ ತಾಗಿಸಿ ನೆಲದ ಮೇಲೇ ಇಟ್ಟಿದ್ದೆ. ಒಂದು ಪೆಟ್ಟಿಗೆಗೆ ಗೋಡೆಯ ತೇವ ಹಿಡಿಯಿತು. 40 ಪ್ರತಿ ಅಲೆ ಅಲೆಯಾಗಿ ಉಬ್ಬಿದವು. ಹೊರಗಿನಿಂದ ನೋಡಿದರೆ ಪೆಟ್ಟಿಗೆ ಮಾತ್ರ ಹೊಸದರ ಹಾಗೇ ಇತ್ತು.

ಇನ್ನು ಮಾರಾಟ. ಅಂಗಡಿಗೆ ಕೊಟ್ಟರೆ ಕಮಿಷನ್ ಇದೆ ಅಂತ ಎಲ್ಲರಿಗೂ ಗೊತ್ತು. ಎಷ್ಟು ಅಂತ ಕೇಳಿದಾಗ ಎಲ್ಲರಿಗೂ ಒಮ್ಮೆ ಶಾಕ್ ಹೊಡೆಯುತ್ತದೆ. ವಿತರಕರು ಮತ್ತು ಅಂಗಡಿ ಸೇರಿ ಮುಖಬೆಲೆಯ 40ರಿಂದ 55 ಪಾಲು ಹಿಡಿಯುವುದು ಪುಸ್ತಕದ ವ್ಯಾಪಾರದಲ್ಲಿ ಹೊಸದೇನಲ್ಲ. ಅವರಿಗೂ ಬಾಡಿಗೆ ಇದೆ, ಸಂಬಳ ಇದೆ, ಮಾರದ ಪುಸ್ತಕವನ್ನು ಧೂಳು ಹೊಡೆದು ಇಟ್ಟುಕೊಳ್ಳುವ ಕಷ್ಟ ಇದೆ. ಅವರನ್ನು ಬೈಯುವುದು ಸುಲಭ, ನಾನೂ ಬೈದಿದ್ದೇನೆ. ಆದರೆ ಲೆಕ್ಕವನ್ನು ಬೈದು ಬದಲಿಸಲು ಆಗುವುದಿಲ್ಲ.

300 ಪ್ರತಿಯ ಲೆಕ್ಕವನ್ನೇ ತಗೊಳ್ಳಿ. ಮುಖಬೆಲೆ 100, ಕಮಿಷನ್ 45 ಹೋಯಿತು, ಉಳಿದದ್ದು 55. ಅಚ್ಚಿಗೆ 40 ತೆಗೆದರೆ ಕೈಗೆ 15. ಈಗ ಕರಡು ತಿದ್ದಿದವರಿಗೆ, ಪುಟವಿನ್ಯಾಸಕ್ಕೆ, ಮುಖಪುಟಕ್ಕೆ ಸೇರಿ 9000 ಕೊಟ್ಟಿದ್ದೀರಿ ಅಂದುಕೊಳ್ಳಿ. ಅದು ಹುಟ್ಟಬೇಕಾದರೆ 600 ಪ್ರತಿ ಮಾರಬೇಕು. ನೀವು ಹಾಕಿಸಿದ್ದೇ 300! ಎಲ್ಲ ಖಾಲಿಯಾಗಿ, ಎಲ್ಲರೂ ಸಮಯಕ್ಕೆ ದುಡ್ಡು ಕೊಟ್ಟು, ಒಂದೂ ವಾಪಸ್ ಬರದಿದ್ದರೂ 4500 ಕೈ ಬಿಡುತ್ತದೆ. ಅದಕ್ಕೇ ಅಲ್ವಾ ಎಷ್ಟೋ ಪ್ರಕಾಶಕರು ಮುಖಬೆಲೆಯನ್ನು ಅಚ್ಚಿನ ಖರ್ಚಿನ ಮೂರು ಪಟ್ಟು, ನಾಲ್ಕು ಪಟ್ಟು, ಕೆಲವು ಸಲ ಐದು ಪಟ್ಟು ಇಡುವುದು. ಮುಂಚೆ ಅದನ್ನು ದುರಾಸೆ ಅಂದುಕೊಂಡಿದ್ದೆ.

ನೇರ ಓದುಗರಿಗೆ ಮಾರಿದರೆ ಚಿತ್ರ ಬೇರೆ. 100ರಲ್ಲಿ ಅಚ್ಚು 40, ಕವರು ಮತ್ತು ಅಂಚೆ 15. ಉಳಿಯುವುದು 45. ಆಗ 200 ಪ್ರತಿಗೆ ಆ 9000 ಹುಟ್ಟುತ್ತದೆ. ಮೂರು ಪಟ್ಟು ವ್ಯತ್ಯಾಸ. ಆದರೆ ಆ 45ರಲ್ಲಿ ನಿಮ್ಮ ಕೂಲಿಯೂ ಇದೆ ಅಂತ ನೆನಪಿರಲಿ. ವಿಳಾಸ ಕೇಳುವುದು, ಪಿನ್‌ಕೋಡ್ ಬಿಟ್ಟವರಿಗೆ ಮತ್ತೆ ಮೆಸೇಜು ಮಾಡುವುದು, ಮೂಲೆ ಮಡಿಸದಂತೆ ರಟ್ಟು ಕತ್ತರಿಸಿ ಇಡುವುದು, ಟೇಪು ಸುತ್ತುವುದು, ಸಾಲಿನಲ್ಲಿ ನಿಲ್ಲುವುದು. ನನಗೆ ಒಂದು ಗಂಟೆಗೆ ಆರು ಪಾರ್ಸೆಲ್ ಆಗುತ್ತಿತ್ತು. ಅದೂ ಕೈ ಪಳಗಿದ ಮೇಲೆ. ಆ ವರ್ಷ ನಾನು ಬರೆದದ್ದರಲ್ಲಿ ಜಾಸ್ತಿ ಇದ್ದದ್ದು ವಿಳಾಸಗಳೇ.

ಅಂಗಡಿಗಳಿಂದ ಪುಸ್ತಕ ವಾಪಸ್ ಬರುತ್ತದೆ ಅನ್ನುವುದು ನನಗೆ ಗೊತ್ತೇ ಇರಲಿಲ್ಲ. ಬಟ್ಟೆ, ಪಾತ್ರೆ ಕೊಂಡುಕೊಂಡ ಅಂಗಡಿ ಸುಮ್ಮನೆ ವಾಪಸ್ ಕಳಿಸುವುದಿಲ್ಲ. ಪುಸ್ತಕ ಮಾತ್ರ ಎಷ್ಟೋ ಸಲ 'ಮಾರಿದರೆ ದುಡ್ಡು, ಇಲ್ಲದಿದ್ದರೆ ಪುಸ್ತಕ' ಅನ್ನುವ ಕರಾರಿನ ಮೇಲೆ ಹೋಗುತ್ತದೆ. ಒಂದು ಕಡೆ 30 ಪ್ರತಿ ಕೊಟ್ಟು, ಎಲ್ಲ ಮಾರಿದ ಹಾಗೇ ಅಂತ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೆ. ಎಂಟು ತಿಂಗಳ ನಂತರ 10 ವಾಪಸ್ ಬಂದವು. ಮೂಲೆಗಳು ನಾಯಿಯ ಕಿವಿಯ ಹಾಗೆ ಮಡಚಿದ್ದವು. ಒಂದರ ಮೇಲೆ ಯಾರೋ ಟೀ ಲೋಟ ಇಟ್ಟ ದುಂಡನೆಯ ಕಲೆ. ತೇವ ತಿಂದ 40, ಈ 10, ಒಟ್ಟು 50 ಪ್ರತಿ ಯಾರಿಗೂ ಕೊಡಲಾಗದೆ ಹೋದವು.

ಕೊಡುವುದು ಅಂದಾಗ ನೆನಪಾಯಿತು. 'ನಂಗೊಂದು ಕಾಪಿ ಎತ್ತಿಡು' ಅನ್ನುವವರಿಗೆ ಏನು ಹೇಳಬೇಕು ಅಂತ ನನಗೆ ಇನ್ನೂ ತಿಳಿದಿಲ್ಲ. ಅವರು ಪ್ರೀತಿಯಿಂದಲೇ ಕೇಳುವುದು. ಪುಸ್ತಕ ಬರೆದವರಿಗೆ ಪುಸ್ತಕ ಬಿಟ್ಟಿ ಸಿಗುತ್ತದೆ ಅಂದುಕೊಂಡಿರುತ್ತಾರೆ. ನನ್ನ 70 ಗೌರವ ಪ್ರತಿಗಳಲ್ಲಿ ಓದಿ ಮಾತಾಡಿದವರು ಹನ್ನೆರಡೋ ಹದಿಮೂರೋ. ದುಡ್ಡು ಕೊಟ್ಟು ತಗೊಂಡವರು ಬೈಯಲಿಕ್ಕಾದರೂ ಓದಿದರು.

ಐಎಸ್‌ಬಿಎನ್, ಅಂದರೆ ಪುಸ್ತಕದ ಗುರುತಿನ ನಂಬರಿನ ಬಗ್ಗೆ ಬಹಳ ಜನ ಕೇಳುತ್ತಾರೆ, ಚಿಕ್ಕದಾಗಿ ಹೇಳಿಬಿಡುತ್ತೇನೆ. 2007ರಿಂದ ಅದು 13 ಅಂಕಿಯದು, ಮೊದಲು 10 ಇತ್ತು. ಕೆಲವು ದೇಶಗಳಲ್ಲಿ ಪುಕ್ಕಟೆ ಕೊಡುತ್ತಾರೆ, ಕೆಲವು ದೇಶಗಳಲ್ಲಿ ಕೊಂಡುಕೊಳ್ಳಬೇಕು. ರಟ್ಟಿನ ಬೈಂಡಿಂಗಿಗೆ ಒಂದು ನಂಬರು, ಸಾದಾ ಬೈಂಡಿಂಗಿಗೆ ಒಂದು, ಇ-ಪುಸ್ತಕಕ್ಕೆ ಇನ್ನೊಂದು. ಏನೂ ಬದಲಿಸದೆ ಮರುಮುದ್ರಣ ಮಾಡಿದರೆ ಹಳೆಯದೇ ಸಾಕು. ಅದು ಹಕ್ಕುಸ್ವಾಮ್ಯದ ಪತ್ರ ಅಲ್ಲ, ಬರೀ ಗುರುತಿನ ನಂಬರು. ಆದರೆ ಯಾರ ಹೆಸರಿನಲ್ಲಿ ತೆಗೆದಿದ್ದಾರೋ ಅವರೇ ಪ್ರಕಾಶಕರು ಅಂತ ದಾಖಲಾಗುತ್ತದೆ. ಇದು ಯಾಕೆ ಮುಖ್ಯ ಅಂದರೆ, 'ಎಲ್ಲ ನಾವೇ ಮಾಡಿಕೊಡುತ್ತೇವೆ' ಅನ್ನುವ ಪ್ಯಾಕೇಜಿನವರು ಹೆಚ್ಚಾಗಿ ತಮ್ಮ ಹೆಸರಿನ ನಂಬರನ್ನೇ ಹಾಕುತ್ತಾರೆ. ನಾಳೆ ಅವರನ್ನು ಬಿಟ್ಟು ಬೇರೆ ಕಡೆ ಅಚ್ಚು ಹಾಕಿಸಿದರೆ ಆ ನಂಬರು ನಿಮ್ಮ ಜೊತೆ ಬರುವುದಿಲ್ಲ.

ಪ್ಯಾಕೇಜು ತಪ್ಪು ಅಂತಲ್ಲ. ಕೆಲವರಿಗೆ ಓಡಾಡಲು ಸಮಯ ಇರುವುದಿಲ್ಲ, ದುಡ್ಡು ಇರುತ್ತದೆ. ನನಗೂ ಒಮ್ಮೆ ಅಂಥ ಒಂದು ಕಡೆಯಿಂದ ಫೋನು ಬಂದಿತ್ತು. ನನ್ನ ಹಸ್ತಪ್ರತಿ ಅದ್ಭುತ ಅಂದರು. ನಾನು ಇನ್ನೂ ಕಳಿಸಿರಲಿಲ್ಲ. ಪ್ಯಾಕೇಜು ತಗೊಳ್ಳುವವರು ಒಂದು ಮಾತು ಕೇಳಿ. ಪುಟವಿನ್ಯಾಸದ ಮೂಲ ಫೈಲು, ಮುಖಪುಟದ ಮೂಲ ಫೈಲು ನನ್ನ ಕೈಗೆ ಕೊಡುತ್ತೀರಾ ಅಂತ. ಬರೀ ಪಿಡಿಎಫ್ ಅಲ್ಲ, ತಿದ್ದಲು ಬರುವ ಫೈಲು. ಆ ಪ್ರಶ್ನೆಗೆ ಬರುವ ಉತ್ತರ, ಉತ್ತರ ಬರಲು ಹಿಡಿಯುವ ಸಮಯ, ಎರಡನ್ನೂ ನೋಡಿ. ನನ್ನ ಮೊದಲ ಪುಸ್ತಕದ ಮೂಲ ಫೈಲು ನಾನು ಕೇಳಿರಲಿಲ್ಲ. ಆ ಏಳನೇ ಅಧ್ಯಾಯದ ತಲೆಯನ್ನು ಈಗ ತಿದ್ದಬೇಕೆಂದರೂ ಮೊದಲಿನಿಂದ ಪುಟ ಕಟ್ಟಬೇಕು.

ಇಷ್ಟೆಲ್ಲ ಆದ ಮೇಲೂ ಎರಡನೇ ಪುಸ್ತಕವನ್ನು ನಾನೇ ಹಾಕಿಸಿದೆ. ಬುದ್ಧಿ ಬಂದಿಲ್ಲವಾ ಅಂತ ಅಕ್ಕ ಕೇಳಿದಳು. ಸ್ವಲ್ಪ ಬಂದಿತ್ತು. ಈ ಸಲ ಅಚ್ಚಿಗೆ ಕೊಡುವ ಮೊದಲೇ ಪರಿಚಯದವರಿಗೆ, ಮೊದಲ ಪುಸ್ತಕ ಕೊಂಡವರಿಗೆ ಬರೆದು ಕೇಳಿದೆ, ಬೇಕಾ ಅಂತ. 140 ಜನ ಖಂಡಿತ ಬೇಕು ಅಂದರು. ಮುಂಗಡ ದುಡ್ಡು ಕಳಿಸಿ ಅಂದಾಗ ಕಳಿಸಿದವರು 96. ಬೇಜಾರಾಗಲಿಲ್ಲ ಅಂದರೆ ಸುಳ್ಳು. ಆದರೆ ಆ 44 ಜನ ಕೈ ಕೊಟ್ಟದ್ದು ಅಚ್ಚಿನ ಮೊದಲು, ಮಂಚದ ಕೆಳಗೆ ಸೇರಿದ ಮೇಲಲ್ಲ. 200 ಪ್ರತಿ ಡಿಜಿಟಲ್‌ನಲ್ಲಿ ಮಾಡಿಸಿದೆ. ಒಟ್ಟಿಗೆ ಮಾಡಿಸಿದ್ದಕ್ಕೆ ಪ್ರತಿಗೆ 48 ಬಿತ್ತು. ಕರಡು ತಿದ್ದಲು ದುಡ್ಡು ಕೊಟ್ಟೆ. ಅವರು ಮೊದಲ ದಿನವೇ ನನ್ನ ಅರ್ಪಣೆಯ ಪುಟದಲ್ಲಿ ಒಂದು ತಪ್ಪು ಹಿಡಿದರು. ಡಮ್ಮಿ ತರಿಸಿ, ಅಡಿಪಟ್ಟಿ ಹಿಡಿದು ಬೆನ್ನು ಅಳೆದೆ. ಮುಖಪುಟದ ನೀಲಿ ಮಾತ್ರ ಕಂಪ್ಯೂಟರಿನಲ್ಲಿ ಕಂಡಷ್ಟು ಹೊಳೆಯಲಿಲ್ಲ. ಪರದೆಯ ಬೆಳಕಿನ ನೀಲಿ ಕಾಗದಕ್ಕೆ ಇಳಿಯುವುದಿಲ್ಲ ಅಂತ ಆ ಹುಡುಗ ಮೊದಲೇ ಹೇಳಿದ್ದ. ನಾನೇ ನಂಬಿರಲಿಲ್ಲ.

ಲಾಭ ಬಂತಾ ಅಂತ ಕೇಳಬೇಡಿ. ಅಸಲು ಹುಟ್ಟಿತು. ನನ್ನ ಸಮಯಕ್ಕೆ ಬೆಲೆ ಕಟ್ಟಿದರೆ ಅದೂ ಇಲ್ಲ. ಬರೀ ಇ-ಪುಸ್ತಕ ಮಾಡು, ಈ ತಾಪತ್ರಯ ಯಾಕೆ ಅಂತ ಹೇಳುವವರು ಸರಿಯಾಗಿಯೇ ಹೇಳುತ್ತಾರೆ. ಆದರೆ ಒಮ್ಮೆ ಪರಿಚಯವೇ ಇಲ್ಲದ ಒಬ್ಬರು ಪ್ರಯಾಣದಲ್ಲಿ ನನ್ನ ಎದುರು ಕೂತು ನನ್ನ ಪುಸ್ತಕ ಓದುತ್ತಿದ್ದರು. ಒಪ್ಪೋಲೆಯ ಚೀಟಿಯನ್ನು ಓದಿದ ಪುಟದ ಗುರುತಿಗೆ ಇಟ್ಟುಕೊಂಡಿದ್ದರು. ನಾನು ಏನೂ ಹೇಳಲಿಲ್ಲ. ಇಳಿಯಬೇಕಾದ ಕಡೆ ಇಳಿಯದೆ ಒಂದು ನಿಲ್ದಾಣ ಮುಂದೆ ಹೋದೆ. ಇದನ್ನು ಯಾವ ಕಾಲಮ್ಮಿನಲ್ಲಿ ಬರೆಯಬೇಕು ಅಂತ ಗೊತ್ತಾಗದೆ ಲೆಕ್ಕದ ಪುಸ್ತಕದಲ್ಲಿ ಬರೆಯದೆ ಬಿಟ್ಟಿದ್ದೇನೆ.

ಮೂರನೆಯದಕ್ಕೆ ಮೊನ್ನೆ ಕೊಟೇಶನ್ ಬಂದಿದೆ. ಮತ್ತೆ ಮೂರು ಸಾಲು. ಮತ್ತೆ ಮೂರನೇ ಸಾಲಿನ ಕೆಳಗೆ ಪೆನ್ನಿನ ಗೆರೆ. ಅದನ್ನು ನೋಡುತ್ತಾ ಕೂತಿದ್ದಾಗಲೇ ಒಂದು ಮೆಸೇಜು ಬಂತು. 'ಮೇಡಂ, ನಿಮ್ಮ ಮೊದಲನೇ ಪುಸ್ತಕ ಎಲ್ಲೂ ಸಿಗ್ತಾ ಇಲ್ಲ. ಎಲ್ಲಾದರೂ ಒಂದು ಪ್ರತಿ ಉಳಿದಿರಬಹುದಾ?'

ನೋಡಿ ಹೇಳುತ್ತೇನೆ ಅಂತ ಬರೆದು, ಮಂಚದ ಕೆಳಗೆ ಕೈ ಹಾಕಿದೆ.